ಮಣೆ ಏರದ ಡಿಸ್ಚಾರ್ಜ್ ಬುಕ್ಕು

ಅಂತರಸಂತೆಯ ಹವಾಲ್ದಾರ್ ಷಣ್ಮುಖಪ್ಪನ ಮನೆಯಲ್ಲಿ ಆಯುಧಪೂಜೆಗೆ ಕುಡುಗೋಲು, ನೇಗಿಲ ಕುಳದ ಜೊತೆ ಇನ್ನೊಂದು ವಸ್ತು ಮಣೆ ಏರಲೇಬೇಕು: ಸೈನ್ಯ ಬಿಟ್ಟು ಬಂದ ದಿನ ಕೊಟ್ಟ ಡಿಸ್ಚಾರ್ಜ್ ಬುಕ್ಕು. ಫಿರಂಗಿ ದಳದಲ್ಲಿ ಕಳೆದ ಹದಿನೇಳು ವರ್ಷವೆಲ್ಲ ಅದರಲ್ಲಿದೆ. ಹೆಂಡತಿ ನೀಲಾಂಬಿಕೆ ವರ್ಷವರ್ಷವೂ ವಿಭೂತಿ ಬಳಿದು ಬಳಿದು ಅದರ ರಟ್ಟೇ ಬೆಳ್ಳಗಾಗಿತ್ತು.

ಈ ಸಲ ಬುಕ್ಕು ಹುಣಸೂರಿನ ಏಜೆಂಟ್ ಕಿರಣ್‌ಕುಮಾರನ ಬೀರುವಿನಲ್ಲಿತ್ತು.

ಫಿರಂಗಿ ಸದ್ದಿಗೆ ಷಣ್ಮುಖಪ್ಪನ ಎಡಗಿವಿ ಹೋಗಿತ್ತು. ಅದಕ್ಕೆ ಅಂಗವೈಕಲ್ಯ ಪಿಂಚಣಿ ಕೊಡಿಸುತ್ತೇನೆಂದು ಈ ಮಹಾನುಭಾವ, ಬರುವ ಬಾಕಿಯಲ್ಲಿ ಅರ್ಧ ತನಗೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಅಸಲಿ ಬುಕ್ಕನ್ನೂ ಕೇಳಿದ. ನಕಲು ಸಾಲದೇನಯ್ಯಾ ಎನ್ನಬೇಕಿತ್ತು. ಆದರೆ ಹಳೇ ಸಿಪಾಯಿ ನೋಡಿ, ಮೇಜಿನಾಚೆ ಕೂತವನು ಕೇಳಿದರೆ ನೆಟ್ಟಗೆ ನಿಂತು ಕೊಟ್ಟೇ ಅಭ್ಯಾಸ! ಕೊಟ್ಟುಬಿಟ್ಟ.

ಹತ್ತು ತಿಂಗಳು ಅರ್ಜಿ ಅಲ್ಲಾಡಲಿಲ್ಲ. ಕೊನೆಗೆ ಮೈಸೂರಿನ ಸೈನಿಕ ಕಲ್ಯಾಣ ಕಚೇರಿಗೆ ಹೋದರೆ ಅಲ್ಲಿನ ಚೈತ್ರ ಎಂಬ ಹುಡುಗಿ, "ಇದಕ್ಕೆ ನಾವು ಒಂದು ರೂಪಾಯೀನೂ ತಗೊಳ್ಳಲ್ಲ ಸರ್. ಅಸಲಿ ಬುಕ್ ತನ್ನಿ, ಅರ್ಜಿ ನಾನೇ ತುಂಬಿಕೊಡ್ತೀನಿ" ಎಂದಳು. ಏಜೆಂಟನನ್ನು ಕೇಳಿದರೆ, "ಇಷ್ಟು ದಿನ ಓಡಾಡಿದ್ದಕ್ಕೆ ದುಡ್ಡಿಟ್ಟು ಬುಕ್ ತಗೊಂಡೋಗಿ" ಎಂದ.

ಹಬ್ಬದ ಬೆಳಿಗ್ಗೆ ಖಾಲಿ ಮಣೆ ನೋಡುತ್ತ ಕೂತಿದ್ದವನನ್ನು ನೀಲಾಂಬಿಕೆ ಎಬ್ಬಿಸಿದಳು. "ಬುಕ್ಕು ಎಲ್ಲದೋ ಪೂಜೆ ಅಲ್ಲೇ ಮಾಡವ. ಏಳಿ, ಬಸ್ಸು ಒಂಟೋಯ್ತದೆ."

ಕಿರಣ್‌ಕುಮಾರ್ ಅಂಗಡಿ ಮುಂದೆ ತನ್ನ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದ. ಗಂಡಹೆಂಡಿರು ಬಾಗಿಲಿಗೆ ಅಡ್ಡಲಾಗಿ ಮಣೆ ಇಟ್ಟು, ವಿಭೂತಿ, ಕಾಯಿ, ಕರ್ಪೂರ ಹೊಂದಿಸಿ ಕೂತರು.

"ಏನ್ರೀ ಇದು?"

"ನಮ್ ಬುಕ್ಕು ಒಳ್ಗದೆ. ಈಚೆ ಬರಗಂಟ ಏಳಾಕಿಲ್ಲ" ಎಂದಳು ನೀಲಾಂಬಿಕೆ.

ಜನ ಸೇರಿದರು, ಮೊಬೈಲುಗಳು ಮೇಲೆದ್ದವು. ಪಿರಿಯಾಪಟ್ಟಣದ ಮಾಜಿ ಸೈನಿಕ ಅಣ್ಣಯ್ಯನೂ ಅಲ್ಲಿದ್ದ. "ನಂದೂ ಇವ್ನತ್ರನೇ ಅದೆ ಕಣಪ್ಪಾ" ಎಂದು ಪಕ್ಕದಲ್ಲಿ ಕುಕ್ಕರಿಸಿದ.

ಏಜೆಂಟ್ ಕೆಂಡವಾದ. "ಸಹಿ ಹಾಕಿದ್ದೀರಿ! ಕೋರ್ಟಿಗೆ ಎಳೀತೀನಿ!"

"ಎಳಿ" ಎಂದ ಷಣ್ಮುಖಪ್ಪ, ಈ ಸಲ ಎದ್ದು ನಿಲ್ಲದೆ. "ನಿನ್ ಕಾಗ್ದ ನೀ ತಾ, ನನ್ ಕಿವಿ ನಾ ತತ್ತೀನಿ. ಈಗ ಪೊಲೀಸ್ನೋರ ಕರೀಲೋ, ಬುಕ್ ಕೊಡ್ತೀಯೋ?"

ಜನರತ್ತ ನೋಡಿದ ಕಿರಣ್‌ಕುಮಾರ್ ಒಳಗೆ ಹೋದ. ಬೀರು ಕಿರುಗುಟ್ಟಿತು. ಬುಕ್ಕು ತಂದು ಮಣೆಯ ಮೇಲೆ ಕುಕ್ಕಿದ.

ನೀಲಾಂಬಿಕೆ ಅದನ್ನು ಸೆರಗಿನಲ್ಲಿ ಒರೆಸಿ ಮೂರೆಳೆ ವಿಭೂತಿ ಬಳಿದಳು. ಆದರೆ ಕರ್ಪೂರ ಹಚ್ಚಲಿಲ್ಲ, ಬುಕ್ಕನ್ನು ಒಂದು ಪಕ್ಕಕ್ಕೆ ಸರಿಸಿದಳು.

"ಮಣೆ ಮ್ಯಾಲೆ ಇನ್ನೂ ಜಾಗ ಅದೆ. ಅಣ್ಣಯ್ಯೋರ ಬುಕ್ಕೂ ತಾರಪ್ಪಾ."