ನೀಲಕ್ಕನ ಗುಳಿಗೆ ಮತ್ತು ಗಾದಿಯ ಮೇಲಿನ ಡಬ್ಬಿ

ಸದ್ದಿಲ್ಲದ ಕೋಣೆಯಲ್ಲಿ ನಮ್ಮ ನೀಲಕ್ಕನ ಪಕ್ಕಕ್ಕೆ ಕುಳಿತರೆ ಟಿಕ್ ಟಿಕ್ ಎಂಬ ಸಣ್ಣ ಸಪ್ಪಳ ಕೇಳಿಸುತ್ತದೆ. ಹೊಸಬರು ತಲೆ ಎತ್ತಿ ಗೋಡೆ ನೋಡುತ್ತಾರೆ, ಆಮೇಲೆ ಅವಳ ಮುಂಗೈ ನೋಡುತ್ತಾರೆ. ಎರಡೂ ಕಡೆ ಗಡಿಯಾರ ಸಿಗುವುದಿಲ್ಲ. ಆ ಸಪ್ಪಳ ಅವಳ ಎದೆಯೊಳಗಿನದು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಕವಾಟವೊಂದನ್ನು ಕೆಡಿಸಿ ಹೋಗಿತ್ತು. ನಡುವಯಸ್ಸಿನಲ್ಲಿ ಅದನ್ನು ತೆಗೆದು ಲೋಹದ ಕವಾಟ ಕೂಡಿಸಿದರು. ಮದುವೆ ಮನೆಗಳಲ್ಲಿ ಹೆಂಗಸರು ಒಬ್ಬರ ಕೊರಳಿನ ಬಂಗಾರ ಇನ್ನೊಬ್ಬರು ನೋಡುವಾಗ ನೀಲಕ್ಕ ಹೇಳುವುದುಂಟು: "ನಿಮ್ಮದೆಲ್ಲಾ ಹೊರಗೈತಿ. ನಂದು ಒಳಗೈತಿ. ಕಳ್ಳರ ಭಯ ಇಲ್ಲ."

ನನಗೆ ಅಕ್ಕನ ಬಗ್ಗೆ ಜಂಬ. ಇದನ್ನು ಮುಚ್ಚಿಟ್ಟು ಪ್ರಬಂಧ ಬರೆಯಲಾರೆ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವನ ದಲಾಲಿ ಅಂಗಡಿಯ ಗಾದಿಯ ಮೇಲೆ ಅವಳೇ ಕುಳಿತಳು. ಒಂದು ಕಾಯಿ ಮುರಿದು, ಅದರ ನೆರಿಗೆ ನೋಡಿ, ಅಂಗೈಯಲ್ಲಿ ತಿಕ್ಕಿ, ಬಣ್ಣ ಎಷ್ಟು ಬಿಟ್ಟಿತು ಎಂದು ನೋಡಿದರೆ ಸಾಕು, ಆ ಕಾಯಿ ಯಾವ ಊರಿನ ಹೊಲದ್ದು ಎಂದು ಹೇಳಬಲ್ಲಳು. ನಾನು ಅವಳ ತಮ್ಮ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನು. ಗ್ರಾಂ ಲೆಕ್ಕದಲ್ಲಿ ಬೀಜ ತೂಗಿ ತೂಗಿ ನನ್ನ ಮಾತೂ ಹಾಗೆಯೇ ಆಗಿದೆ ಎಂದು ಮನೆಯವರ ದೂರು. "ನೀರು ಬೇಕು ಅನ್ನೋದಕ್ಕ ಇವರು ಮುನ್ನುಡಿ ಹಾಕ್ತಾರ" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಇರಲಿ.

ಲೋಹದ ಕವಾಟವನ್ನು ರಕ್ತ ಪೂರಾ ನಂಬುವುದಿಲ್ಲ. ಹೊರಗಿನವನು ಬಂದ ಎಂದು ಅದರ ಸುತ್ತ ಹೆಪ್ಪುಗಟ್ಟಲು ನೋಡುತ್ತದೆ. ಹಾಗೆ ಆಗದಿರಲಿ ಎಂದು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಕ್ಕ ಒಂದು ಗುಳಿಗೆ ನುಂಗುತ್ತಾಳೆ. ರಕ್ತ ತೆಳುಮಾಡುವ ಗುಳಿಗೆ ಎನ್ನುತ್ತಾರೆ. ಖರೆ ಹೇಳಬೇಕೆಂದರೆ ಅದು ರಕ್ತಕ್ಕೆ ನೀರು ಬೆರೆಸುವುದಿಲ್ಲ, ಹೆಪ್ಪುಗಟ್ಟುವ ಅವಸರವನ್ನು ತಡೆಯುತ್ತದೆ, ಅಷ್ಟೇ. ಕಡಿಮೆಯಾದರೆ ಕವಾಟಕ್ಕೆ ಹೆಪ್ಪು, ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತಸ್ರಾವ. ನಡುವಿನ ದಾರಿ ಹೊಲದ ಬದುವಿನಷ್ಟೇ ಅಗಲ. ಅದರ ಮೇಲೆ ನಡೆಯುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ಆಗಾಗ ಹಾವೇರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸುತ್ತಾಳೆ.

ಈ ಗುಳಿಗೆಯ ಪೂರ್ವಾಶ್ರಮ ನನಗೆ ಬಲು ಇಷ್ಟ. ಯಾವುದೋ ದೂರದ ದೇಶದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳಿಗೆ ಸಣ್ಣ ಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲವಂತೆ. ಮೇವಿನಲ್ಲಿ ಏನಿದೆ ಎಂದು ಹುಡುಕಿದವರಿಗೆ ಸಿಕ್ಕ ವಸ್ತುವಿನ ವಂಶದ್ದೇ ಈ ಔಷಧ. ಮೊದಲು ಅದನ್ನು ಇಲಿಗಳಿಗೆ ವಿಷವಾಗಿ ಇಟ್ಟರು, ಆಮೇಲೆ ಮನುಷ್ಯರಿಗೆ ಕೊಟ್ಟರು. ಇದನ್ನು ಓದಿದ ದಿನ ನಾನು ದೊಡ್ಡ ಸುದ್ದಿ ತಂದವನಂತೆ ಬ್ಯಾಡಗಿಗೆ ಹೋಗಿ ಹೇಳಿದೆ. ಅಕ್ಕ ಕಾಯಿ ಮುರಿಯುತ್ತಲೇ ಕೇಳಿ, "ಇಲಿ ಪಥ್ಯಾ ಮಾಡಂಗಿಲ್ಲ, ರಕ್ತಾ ಪರೀಕ್ಷಾ ಮಾಡ್ಸಂಗಿಲ್ಲ. ಅದಕ್ಕ ಸಾಯ್ತಾವು" ಎಂದಳು.

ಪಥ್ಯದ ಮಾತು ಬಂತು. ಆಪರೇಷನ್ ಆಗಿ ಬಂದ ಹೊಸದರಲ್ಲಿ, ಹಸಿರು ಸೊಪ್ಪು ಈ ಗುಳಿಗೆಗೆ ಎದುರು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದೇ ತಡ, ನಾವೆಲ್ಲ ಸೇರಿ ಅವಳ ತಾಟಿನಿಂದ ಹಸಿರು ಬಣ್ಣವನ್ನೇ ಓಡಿಸಿಬಿಟ್ಟೆವು. ರೊಟ್ಟಿಯ ಜೊತೆ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಇಲ್ಲದಿದ್ದರೆ ನಮ್ಮ ಕಡೆಯವರಿಗೆ ಅದು ಊಟವಲ್ಲ, ಶಿಕ್ಷೆ. ಆಮೇಲೆ ಹೃದಯದ ಡಾಕ್ಟರೇ ತಿಳಿಸಿ ಹೇಳಿದರು: ಬಿಡುವುದು ಬೇಡ, ದಿನಾ ತಿನ್ನುವಷ್ಟೇ ತಿನ್ನಿ. ಇವತ್ತು ಬುಟ್ಟಿಗಟ್ಟಲೆ, ನಾಳೆ ಉಪವಾಸ ಎಂದರೆ ಮಾತ್ರ ಗುಳಿಗೆಯ ಲೆಕ್ಕ ತಪ್ಪುತ್ತದೆ. ಅಂದಿನಿಂದ ಅಕ್ಕನದು ದಿನಕ್ಕೆ ಒಂದು ಹಿಡಿ. ಬೀಗರ ಮನೆಯಲ್ಲಿ ಎಷ್ಟೇ ಒತ್ತಾಯ ಮಾಡಿದರೂ "ನಂದು ಹಿಡಿ ಆತು" ಎಂದು ಕೈ ಅಡ್ಡ ಹಿಡಿಯುತ್ತಾಳೆ. ನಮ್ಮ ಸೀಮೆಯಲ್ಲಿ ಬೀಗರ ಮನೆಯ ಬಡಿಸುವ ಸವಟಿಗೆ ಅಡ್ಡ ಕೈ ಹಿಡಿಯುವುದಕ್ಕೆ ಎಂಥ ಗುಂಡಿಗೆ ಬೇಕು ಎಂಬುದು ಉಂಡವರಿಗೇ ಗೊತ್ತು.

ಇಷ್ಟು ಎಚ್ಚರದ ಹೆಂಗಸು ಎಲ್ಲಿ ಎಡವಿದಳು ಎಂದರೆ, ಪೇಟೆಯ ಒಂದು ರೂಢಿಯಲ್ಲಿ. ಕಾಯಿ ಬರುವ ಹಂಗಾಮಿನಲ್ಲಿ ಬ್ಯಾಡಗಿಯ ಪೇಟೆಯಲ್ಲಿ ಕೆಮ್ಮದವರಿಲ್ಲ. ಘಾಟು ಗಾಳಿಯಲ್ಲೇ ಇರುತ್ತದೆ. ಅಲ್ಲಿ ಕೆಮ್ಮನ್ನು ಯಾರೂ ಬೇನೆ ಎಂದು ಕರೆಯುವುದಿಲ್ಲ, ಬೆನ್ನು ನೋವನ್ನಂತೂ ಯಾರೂ ಎಣಿಸುವುದಿಲ್ಲ. ನಾನು ಕಂಡ ಎಷ್ಟೋ ಅಂಗಡಿಗಳಲ್ಲಿ, ಅಕ್ಕನ ಅಂಗಡಿಯಲ್ಲೂ, ಗಾದಿಯ ಮೇಲೆ, ಅಡಿಕೆ ತಟ್ಟೆಯ ಪಕ್ಕದಲ್ಲಿ, ಒಂದು ಡಬ್ಬಿ. ಅದರಲ್ಲಿ ಪಟ್ಟಿಯಿಂದ ಕತ್ತರಿಸಿದ ಬಿಡಿ ಗುಳಿಗೆಗಳು: ತಲೆನೋವಿನವು, ಮೈಕೈ ನೋವಿನವು, ಯಾರದೋ ಜ್ವರಕ್ಕೆ ತಂದು ಉಳಿದವು. ಬಂದವರು ಹಾಕುತ್ತಾರೆ, ಬಂದವರು ತೆಗೆದುಕೊಳ್ಳುತ್ತಾರೆ. ಅಡಿಕೆ ತಟ್ಟೆಗೆ ಕೈ ಹಾಕಿದವನನ್ನು ನೀನು ಏನು ತಿನ್ನುತ್ತಿದ್ದೀ ಎಂದು ಕೇಳುತ್ತೇವೆಯೇ? ಡಬ್ಬಿಯೂ ಹಾಗೆಯೇ. ಅದು ಔಷಧಿಯಲ್ಲ, ಮರ್ಯಾದೆ. ನೀಲಕ್ಕ ತನ್ನ ಹೃದಯದ ಗುಳಿಗೆಯನ್ನು ಔಷಧಿ ಎಂದು ತಿಳಿದಿದ್ದಳು. ಡಬ್ಬಿಯಲ್ಲಿದ್ದದ್ದನ್ನು ಅಡಿಕೆಯ ಜಾತಿಗೆ ಸೇರಿಸಿದ್ದಳು.

ನನ್ನ ಜಾಣತನವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಅಂಗಡಿಗೆ ಬರುವ ರೈತರು ಆಳಿನ ಖರ್ಚು ಉಳಿಸಲು ಎರಡು ಮೂರು ಕೀಟನಾಶಕದ ಎಣ್ಣೆ ಕೂಡಿಸಿ ಒಂದೇ ಸಲ ಸಿಂಪಡಿಸಲು ನೋಡುತ್ತಾರೆ. ಬೇಡ್ರಪ್ಪ, ಒಂದಕ್ಕೊಂದು ಆಗಿಬರದಿದ್ದರೆ ಎಲೆ ಸುಡುತ್ತದೆ ಎಂದು ನಾನು ಕೂತಲ್ಲಿಂದ ಉಪದೇಶ ಮಾಡುತ್ತೇನೆ. ಮೆಣಸಿನ ಗಿಡಕ್ಕೆ ಅನ್ವಯಿಸುವ ಈ ಮಾತು ನಮ್ಮಕ್ಕನಿಗೂ ಅನ್ವಯಿಸುತ್ತದೆ ಎಂದು, ಅದೇ ಡಬ್ಬಿಯನ್ನು ಎದುರಿಗೆ ಇಟ್ಟುಕೊಂಡು ಚಹಾ ಕುಡಿಯುವಾಗಲೂ ನನಗೆ ಹೊಳೆದಿರಲಿಲ್ಲ.

ಆ ದಿನ ನಾನು ಅವಳ ಅಂಗಡಿಯಲ್ಲಿದ್ದೆ. ಕದರಮಂಡಲಗಿಯ ಹನುಮಂತಪ್ಪ ಎಂಬ ರೈತ, ಅಕ್ಕನ ಹಳೆಯ ಗಿರಾಕಿ, ಚೀಲ ಬಿಚ್ಚಿ ರಾಶಿ ಹಾಕಿಸಿದ್ದ. ಅಕ್ಕ ಬಗ್ಗಿ ಒಂದು ಹಿಡಿ ಎತ್ತಿ ನೋಡಿದಳು, ನನಗೂ ತೋರಿಸಿದಳು. ಒಣ ಮೆಣಸಿನಕಾಯಿ ಮಂಕಾಗಿರುತ್ತದೆ. ಅವಳ ಕೈಯಲ್ಲಿದ್ದ ಒಂದು ಕಾಯಿ ಮಾತ್ರ ಮಿಂಚುತ್ತಿತ್ತು. ರಾಶಿಯಲ್ಲಿ ನೋಡಿದೆ, ಅಲ್ಲಿಯೂ ಎರಡು ಮೂರು ಕಾಯಿ ಮಿಂಚುತ್ತಿದ್ದವು. ಬೀಜದವನ ಕಣ್ಣು, ತೇವವನ್ನು ಮೊದಲು ಹಿಡಿಯುತ್ತದೆ. "ಈ ಕಾಯಿ ಹಸಿ ಐತಲ್ಲ" ಎಂದೆ.

ತೂಕಕ್ಕೆಂದು ನೀರು ಹೊಡೆದಿದ್ದೀ ಎಂದು ಪೇಟೆಯಲ್ಲಿ ಒಬ್ಬನಿಗೆ ಹೇಳುವುದು ಸಣ್ಣ ಮಾತಲ್ಲ. ಹನುಮಂತಪ್ಪ ಟೊಂಕಕ್ಕೆ ಕೈ ಕೊಟ್ಟು ನಿಂತ.

"ಏನ್ರೀ ಬೀಜದ ಸಾಹುಕಾರ್ರ, ನಾ ನೀರು ಹೊಡದೀನಿ ಅಂತೀರೇನು? ಮಾಳಗಿ ಮ್ಯಾಲೆ ಒಣಗಿಸಿದ ಕಾಯಿ ಇದು. ಅಳ್ಳಾಡಿಸಿದ್ರ ಗೆಜ್ಜಿ ಸಪ್ಪಳಾ ಬರ್ತೈತಿ. ಮುಟ್ಟಿ ನೋಡ್ರಿ, ಮುಟ್ಟಿ ಮಾತಾಡ್ರಿ."

ಮುಟ್ಟಿದೆ. ಬೆರಳಿಗೆ ಅಂಟಿತು. ನೀರು ಅಂಟುವುದಿಲ್ಲ. ನಾನು ಬೆರಳು ನೋಡಿದೆ, ಹನುಮಂತಪ್ಪ ನನ್ನ ಬೆರಳು ನೋಡಿದ, ಆಮೇಲೆ ಇಬ್ಬರೂ ಅಕ್ಕನ ಮುಖ ನೋಡಿದೆವು. ಅವಳ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಘಾಟಿಗೆ ಮೂಗು ಸೋರುತ್ತಿದೆ ಎಂದುಕೊಂಡು ಅವಳು ಎಷ್ಟು ಹೊತ್ತಿನಿಂದ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳೋ, ಸೀರೆಯೂ ಕೆಂಪು. ಸುತ್ತಲೂ ಕೆಂಪು ಗುಡ್ಡಗಳು. ಅಷ್ಟು ಕೆಂಪಿನ ನಡುವೆ ಅಕ್ಕನ ರಕ್ತ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 

ಜನ ಕೂಡಿದರು. ಒಬ್ಬರು ಉಳ್ಳಾಗಡ್ಡಿ ಮೂಸಿಸಿ ಎಂದರು, ಒಬ್ಬರು ತಲೆಯ ಮೇಲೆ ನೀರು ಸುರಿಯಲು ಕೊಡ ತಂದರು, ಒಬ್ಬರು ಅಂಗಾತ ಮಲಗಿಸಲು ಭುಜ ಹಿಡಿದರು. "ಮಲಗಿದ್ರ ಹೊಟ್ಟಿಗಿ ಹೋಗ್ತೈತಿ, ಬಿಡ್ರಿ" ಎಂದು ಅಕ್ಕ ತಾನೇ ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಗಟ್ಟಿಯಾಗಿ ಹಿಚುಕಿ ಹಿಡಿದು ಕುಳಿತಳು. ನಿಲ್ಲಲಿಲ್ಲ. ಅವಳ ಮಗ ಬಸು ಕಾರು ತಂದ. ಅವಳ ತೋಳಿನ ಮೇಲೆ ನೀಲಿ ಕಲೆಗಳಿದ್ದದ್ದು ನನಗೆ ಕಾರಿನಲ್ಲಿ ಕಂಡಿತು. ಎಲ್ಲಿ ತಾಗಿಸಿಕೊಂಡೆ ಎಂದರೆ ಎಲ್ಲಿಯೂ ಇಲ್ಲ ಎಂದಳು.

ಹಾವೇರಿಯ ದಾರಿಯಲ್ಲಿ ನಾನೇ ಕೇಳಿದೆ, ಗುಳಿಗೆ ಹೆಚ್ಚು ಕಡಿಮೆ ಮಾಡಿದೆಯಾ ಎಂದು. ಇಲ್ಲವೆಂದಳು. ಸೊಪ್ಪು? ಒಂದು ಹಿಡಿ. ಆಮೇಲೆ ಮೂಗು ಹಿಡಿದ ದನಿಯಲ್ಲಿ, "ಡಬ್ಬ್ಯಾಗಿನವು ತಗೊಂಡೇನಿ. ಬೆನ್ನಿಗೆ, ಕೆಮ್ಮಿಗೆ" ಎಂದಳು.

ಬಸು ಕನ್ನಡಿಯಲ್ಲಿ ತಾಯಿಯನ್ನು ನೋಡಿದ. "ಯವ್ವಾ, ಅದನ್ನ ಡಾಕ್ಟರ್ ಮುಂದ ತೆಗೀಬ್ಯಾಡ. ಮಂದಿ ಮುಂದ ಬೈತಾರ ನಿನಗ."

"ಬೈಸ್ಕೊಂಡ್ರ ಯಾರಿಗೂ ರಕ್ತ ಬಂದಿಲ್ಲ. ಲಗೂ ಹೊಡಿ ಗಾಡಿ."

ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೂಗಿಗೆ ಒತ್ತು ಕೊಟ್ಟು, ಅರಳೆ ಬತ್ತಿ ತುಂಬಿ, ರಕ್ತ ಪರೀಕ್ಷೆಗೆ ಕಳಿಸಿ, ಹೃದಯದ ಗುಳಿಗೆಯ ವಿಷಯ ಕೇಳಿಕೊಂಡು, ಬೇರೆ ಏನಾದರೂ ತೆಗೆದುಕೊಂಡಿದ್ದೀರಾ ಎಂದರು. ಬಸು ತಟ್ಟನೆ, "ಏನೂ ಇಲ್ರಿ" ಎಂದ. ಅಲ್ಲಿ ನಮ್ಮ ಹಿಂದೆಯೇ ಬಂದ ಪೇಟೆಯ ನಾಲ್ಕು ಜನರೂ ನಿಂತಿದ್ದರು, ಹನುಮಂತಪ್ಪನೂ ಇದ್ದ. ಅಕ್ಕ ಕೈ ಎತ್ತಿದಳು, ಹರಾಜಿನ ಸವಾಲಿನಲ್ಲಿ ಎತ್ತುವ ಹಾಗೆ.

"ಏನೂ ಇಲ್ಲ ಅಂದ್ರ ಸುಳ್ಳಾಗ್ತೈತ್ರಿ. ಐತಿ. ಬೆನ್ನುನೋವಿಂದು, ಮುಂಜಾನೆ ಸಂಜೀ. ಕೆಮ್ಮಿಗೆ ಒಂದು ಕ್ಯಾಪ್ಸೂಲ್, ಯಾರದೋ ಉಳದಿದ್ದು. ಮ್ಯಾಲೆ ನೋವಿನ ಮುಲಾಮು, ದಿನಾ ತಿಕ್ಕೋತೇನಿ. ಹೆಸರು ಗೊತ್ತಿಲ್ಲ. ಡಬ್ಬಿ ಅಂಗಡ್ಯಾಗ ಐತಿ. ತಪ್ಪು ನಂದ."

ಒಂದು ಪೇಟೆಯ ಗಾದಿಯ ಮೇಲೆ ಕೂತು ಇನ್ನೊಬ್ಬರ ಮಾಲಿನ ದೋಷ ಹೇಳುವ ಹೆಂಗಸು, ತನ್ನ ದೋಷವನ್ನು ಅದೇ ಪೇಟೆಯವರ ಎದುರು ಅಷ್ಟೇ ಸರಳವಾಗಿ ಹೇಳಿದಳು. ನನಗೆ ಅವಳ ಜೀವದ ಭಯವಿತ್ತು, ಆದರೂ ಎದೆ ಉಬ್ಬಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಆವತ್ತು ತಿಳಿಯಿತು.

ಡಾಕ್ಟರಮ್ಮ ಬೈಯಲಿಲ್ಲ. ಬಸು ಅಂಗಡಿಗೆ ಫೋನ್ ಮಾಡಿ ಡಬ್ಬಿಯಲ್ಲಿದ್ದ ಪಟ್ಟಿ ತುಂಡುಗಳ ಫೋಟೋ ತರಿಸಿದ. ಅವರು ಅವನ್ನು ನೋಡಿ ತಿಳಿಸಿ ಹೇಳಿದರು: ನೋವಿನ ಗುಳಿಗೆ ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ, ರಕ್ತ ನಿಲ್ಲುವುದನ್ನೂ ತಡೆಯುತ್ತದೆ. ಆ ಕ್ಯಾಪ್ಸೂಲ್ ಹೃದಯದ ಗುಳಿಗೆಯ ಬಲವನ್ನು ಏರಿಸುತ್ತದೆ. ದಿನಾ ತಿಕ್ಕುವ ಮುಲಾಮು ಕೂಡ ಚರ್ಮದೊಳಗೆ ಇಳಿದು ಅದೇ ಕೆಲಸ ಮಾಡಬಲ್ಲದು. ಮೂವರೂ ಸೇರಿ ಅಕ್ಕನನ್ನು ಬದುವಿನಿಂದ ಆಚೆ ತಳ್ಳಿದ್ದರು. ಇವತ್ತು ಹೇಳಿದ್ದು ಒಳ್ಳೆಯದಾಯಿತು, ಹೃದಯದ ಗುಳಿಗೆಯ ವಿಷಯ ತಿಳಿಯದ ಯಾರಾದರೂ ಬೆನ್ನುನೋವಿಗೆಂದು ಪೃಷ್ಠಕ್ಕೆ ಸೂಜಿ ಚುಚ್ಚಿದ್ದರೆ ಒಳಗೇ ರಕ್ತ ಕಟ್ಟುತ್ತಿತ್ತು ಎಂದರು.

"ಹಂಗಾರ ಈ ಹೃದಯದ ಗುಳಿಗೀನ ಬ್ಯಾಡ್ರಿ ಮೇಡಂ, ಬಂದ್ ಮಾಡ್ಸಿಬಿಡ್ರಿ" ಎಂದು ಬಸು ಅಳುವ ಹಾಗಾದ.

"ಬಂದ್ ಮಾಡಿದ್ರ ಮೂಗು ನಿಲ್ತೈತಿ. ಕವಾಟಕ್ಕ ಹೆಪ್ಪು ಹಿಡದ್ರ? ಇವತ್ತಿನ ಗುಳಿಗಿ ಅಷ್ಟ ಬ್ಯಾಡ. ನಾಳೆ ಮತ್ತ ರಕ್ತ ನೋಡಿ, ಇವರ ಹೃದಯದ ಡಾಕ್ಟರ್‌ನ ಕೇಳಿ ಹೇಳ್ತೇನಿ. ತಾವಾಗೇ ಬಿಡಬ್ಯಾಡ್ರಿ, ತಾವಾಗೇ ಹೆಚ್ಚಿಗಿ ತಗೋಬ್ಯಾಡ್ರಿ" ಎಂದರು ಡಾಕ್ಟರಮ್ಮ.

ಅಕ್ಕ ಬತ್ತಿ ತುಂಬಿದ ಮೂಗಿನಿಂದಲೇ, "ಕೇಳಿದಿಲ್ಲೋ?" ಎಂದು ಮಗನನ್ನು ಗದರಿಸಿದಳು. ಮೂಗು ನಿಂತಿತು, ಮರುದಿನದ ಪರೀಕ್ಷೆಯಲ್ಲಿ ಮಿತಿಮೀರಿ ಏರಿದ್ದ ರಕ್ತದ ಲೆಕ್ಕ ಇಳಿಯಿತು, ಕೆಲವು ದಿನಗಳಲ್ಲಿ ಸರಿಹೋಯಿತು, ಗುಳಿಗೆ ಮತ್ತೆ ಸುರುವಾಯಿತು.

ಈಗ ಗಾದಿಯ ಮೇಲೆ ಡಬ್ಬಿಯಿಲ್ಲ. ಆದರೆ ಕೈಗಳಿಗೆ ಅದು ಗೊತ್ತಿಲ್ಲ. ಮೊನ್ನೆ ನಾನು ಹೋದಾಗ ಹನುಮಂತಪ್ಪ ಬಂದು ಕೂತು, ಮಾತಾಡುತ್ತಲೇ ಅಡಿಕೆ ತಟ್ಟೆಯ ಪಕ್ಕ ತಡವಿದ.

"ಅಕ್ಕಾರ, ತಲಿ ಭಾಳ ಹಿಡದೈತಿ. ಒಂದು ಗುಳಿಗಿ ಕೊಡ್ರಿ."

"ಮೊದಲು ನೀ ಏನೇನು ತಗೊಳ್ತಿ ಹೇಳು."

"ನಾ ಏನೂ ತಗೊಳ್ಳಂಗಿಲ್ರಿ. ಗಟ್ಟಿ ಅದೇನಿ."

ಅಕ್ಕ ಕಾದಳು. ಒಳ್ಳೆಯ ದಲಾಲರು ಕಾಯಬಲ್ಲರು.

"ಬೀಪಿದೊಂದು ಐತ್ರಿ. ಅದು ಗುಳಿಗಿ ಲೆಕ್ಕಕ್ಕಲ್ಲ ಬಿಡ್ರಿ, ದಿನಾ ತಗೊಳ್ಳೋದು."

"ಮತ್ತ?"

"ಸಕ್ರಿದು. ಮತ್ತ ಒಂದು ಸಣ್ಣದು, ಎದಿ ಹಿಡದಾಗ ಕೊಟ್ಟಿದ್ರು. ರಕ್ತ ಹೆಪ್ಪಾಗದಂಗ ನೋಡ್ಕೊಳ್ತೈತಂತ." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. "ಹೋದ ಹಂಗಾಮದಾಗ ನಿಮ್ಮ ಡಬ್ಬಿದು ನಾನೂ ಭಾಳ ತಿಂದೇನಲ್ರಿ ಅಕ್ಕಾರ."

ಅಕ್ಕ ಅವನಿಗೆ ಮಜ್ಜಿಗೆ ಕೊಟ್ಟಳು, ಬಸುವನ್ನು ಕರೆದು ಅವನ ಜೊತೆ ಡಾಕ್ಟರ ಹತ್ತಿರ ಕಳಿಸಿದಳು. ಹೋಗುವಾಗ, ಎಲ್ಲಾ ಹೇಳಬೇಕು, ಬೈಸಿಕೊಂಡು ಬರಬೇಕು ಎಂದು ತಾಕೀತು ಮಾಡಿದಳು. ಪೇಟೆಯಲ್ಲಿ ಈಗ ಅವಳಿಗೆ ಇದೊಂದು ಹೊಸ ಹೆಸರು ಬಂದಿದೆಯಂತೆ: ನೀಲಕ್ಕನ ಅಂಗಡಿಗೆ ಹೋದರೆ ಕಾಯಿಗಿಂತ ಮೊದಲು ಮನುಷ್ಯನನ್ನೇ ಮುರಿದು ನೋಡುತ್ತಾಳೆ ಎಂದು. ಇದನ್ನು ನಾನು ರಾಣೆಬೆನ್ನೂರಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ತಿರುಗುತ್ತಿದ್ದೇನೆ.

ಆವತ್ತು ಹನುಮಂತಪ್ಪ ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ನೀ ಏನೇನು ತಗೊಳ್ತಿ?"

"ನಾನಾ? ಏನೂ ಇಲ್ಲ" ಎಂದೆ.

ಅಕ್ಕ ಕಾದಳು. ನನಗೆ ಮೊಣಕಾಲಿನ ಎಣ್ಣೆ ನೆನಪಾಯಿತು. ಆಮೇಲೆ ಮುಂಜಾನೆಯ ಕಷಾಯ, ಆಮೇಲೆ ಯಾರೋ ಬಹಳ ವಿಶ್ವಾಸದಿಂದ ತಂದುಕೊಟ್ಟ, ಹೆಸರಿಲ್ಲದ ಒಂದು ಚೂರ್ಣ.

"ಇದ್ದದ್ದು ಇದ್ದಂಗ ಹೇಳು" ಎಂದಳು ಅಕ್ಕ. ನಾನು ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಸರಿಯಾಗಿ ಕಾಲು ಮಡಚಿ ಕುಳಿತೆ. ನನ್ನ ಮಾತಿನ ವೇಗದಲ್ಲಿ ಅಷ್ಟನ್ನೂ ಹೇಳಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯುವುದಿತ್ತು.