ಹೋದವರ ಹಿಂದೆಯೇ ಗುಡಿಸುವ ಯಂತ್ರ

ಕಸ ಗುಡಿಸುವ ಯಂತ್ರ ಬಂದ ಮೇಲೆ ನಮ್ಮ ಮನೆಯಲ್ಲಿ ಕೆಲಸ ಹೆಚ್ಚಾಗಿದೆ ಎಂದರೆ ನೀವು ನಗಬಹುದು. ರೊಟ್ಟಿಯ ಹೆಂಚನ್ನು ಬೋರಲು ಹಾಕಿದಂತಿರುವ ಆ ಮಹಾಶಯ ನೆಲದ ಮೇಲೆ ಸಂಚಾರ ಹೊರಡುವ ಮುನ್ನ ನಾವು ಕಾಲೊರಸನ್ನು ಎತ್ತಬೇಕು, ಚಾರ್ಜರಿನ ವೈರುಗಳನ್ನು ಸುತ್ತಿಡಬೇಕು, ರಾಗಿಚೀಲವನ್ನು ಸರಿಸಬೇಕು. ಅಂದರೆ ಗುಡಿಸುವುದೊಂದನ್ನು ಬಿಟ್ಟು ಗುಡಿಸುವವರು ಮಾಡುವ ಸಮಸ್ತವನ್ನೂ ನಾವೇ ಮಾಡಿ, ಕೊನೆಗೆ ಅದು ಮಂಚದ ಕೆಳಗೆ ಸಿಕ್ಕಿಕೊಂಡು ಆರ್ತನಾದ ಮಾಡಿದಾಗ ದೀರ್ಘದಂಡ ನಮಸ್ಕಾರ ಹಾಕಿ ಹೊರಗೆಳೆಯಬೇಕು. ಬಂಗಾರಪೇಟೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ, ಇಂಥದ್ದೊಂದು ಮನೆಗೆ ಬೇಕಾ ಎಂದು. ನಾನು ವಿಜ್ಞಾನ ಕಲಿಸುವವಳು. ಮಂಗಳಗ್ರಹದ ಬಗ್ಗೆ ಕೇಳಿದರೆ ತಡವರಿಸದೆ ಉತ್ತರಿಸುತ್ತೇನೆ. ಇದಕ್ಕೆ ಮಾತ್ರ ಚಹಾದ ಲೋಟದೊಳಗೆ ಮುಖ ಹುದುಗಿಸುತ್ತೇನೆ.

ನಾವು ಅದನ್ನು ತಂದದ್ದು ಅನುಕೂಲಕ್ಕಲ್ಲ, ಹೆದರಿಕೆಗೆ. ಕೆಜಿಎಫ್‌ನಲ್ಲಿ ಆಷಾಢದ ಗಾಳಿ ಎದ್ದಿತೆಂದರೆ ಗಣಿಯ ಹಳೆಯ ಮಣ್ಣುಗುಡ್ಡಗಳ ಮೇಲಿನ ಬೂದುಬಣ್ಣದ ಪುಡಿ ಊರಿನ ಮೇಲೆಲ್ಲ ಹಾರಿ ಬರುತ್ತದೆ. ಕಿಟಕಿ ಮುಚ್ಚಿದರೂ ಬರುತ್ತದೆ, ಪರದೆ ಹಾಕಿದರೂ ಬರುತ್ತದೆ, ಮೊಸರಿನ ಪಾತ್ರೆಯ ಮುಚ್ಚಳದ ಮೇಲೂ ನಿರ್ಭಿಡೆಯಿಂದ ಆಸೀನವಾಗುತ್ತದೆ. ನನ್ನ ಗಂಡ ಇಲ್ಲಿಯ ಕಾರ್ಖಾನೆಯಲ್ಲಿ ನೌಕರ. ನಮ್ಮ ಕ್ವಾರ್ಟರ್ಸು ಗಾಳಿ ಬರುವ ದಿಕ್ಕಿಗೇ ಮುಖ ಮಾಡಿದೆ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ ಹಸು ಕಟ್ಟಿ ಬಾಳಿದ ನನ್ನ ಅತ್ತೆ ಈ ಮನೆಗೆ ಬಂದಂದಿನಿಂದ ಆ ಧೂಳಿನ ಜೊತೆ ಕುಸ್ತಿಗೆ ನಿಂತವರು. ಬೆಳಗಾಗುವುದಕ್ಕೂ ಅವರ ಕೈಗೆ ಪೊರಕೆ ಬರುವುದಕ್ಕೂ ಅಂತರವಿರಲಿಲ್ಲ. ಕೆಮ್ಮು ಶುರುವಾದಾಗ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಗುಡಿಸಿದರು. ಉಸಿರು ಕಟ್ಟತೊಡಗಿದಾಗ ಗುಡಿಸುತ್ತ ಗುಡಿಸುತ್ತ ನಡುವೆ ಗೋಡೆಗೊರಗಿ ಕೂತು, ಮತ್ತೆ ಎದ್ದು ಗುಡಿಸಿದರು. ಊರಿನ ಡಾಕ್ಟರು ಪೊರಕೆ ಮುಟ್ಟಲೇಬಾರದೆಂದರು. ನಾನು ಪೊರಕೆಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಮರುದಿನ ಅವರು ಹಳೆಯ ಸೀರೆಯ ತುಂಡಿನಿಂದ ನೆಲ ಝಾಡಿಸುತ್ತಿದ್ದರು. ಆಗ ಬಂದದ್ದು ಈ ಯಂತ್ರ.

ಅತ್ತೆ ಅದಕ್ಕೆ ‘ತಾಬೇಲು’ ಎಂದು ಹೆಸರಿಟ್ಟರು. ತೆಲುಗಿನಲ್ಲಿ ಹಾಗೆಂದರೆ ಆಮೆ. ನಮ್ಮ ಕಡೆ ಬೈಗುಳ, ಮುದ್ದು, ಲೆಕ್ಕ ಮೂರಕ್ಕೂ ತೆಲುಗು ಸಲೀಸಾಗಿ ಒದಗುತ್ತದೆ. ‘ತಾಬೇಲು ಮೂಲೆ ಬುಟ್ಟೋಯ್ತು ನೋಡೇ, ಸೊಂಬೇರಿ ಮುಂಡೇದು’ ಎಂದು ಅದರ ಹಿಂದೆಯೇ ಅಲೆಯುವರು. ನಾನು ಅವರ ಹಿಂದೆ ಅಲೆಯುವೆ, ಬಗ್ಗಿಬಿಟ್ಟಾರೆಂಬ ಭಯದಿಂದ. ಹೀಗೆ ಯಂತ್ರ ಮುಂದೆ, ಅತ್ತೆ ಹಿಂದೆ, ಅವರ ಹಿಂದೆ ನಾನು, ಸಣ್ಣದೊಂದು ಉತ್ಸವವೇ ನಮ್ಮ ನಡುಮನೆಯಲ್ಲಿ ದಿನವೂ ಹೊರಡುತ್ತಿತ್ತು. ಅತ್ತೆ ಹೊರಗೆ ಎಳೆಬಿಸಿಲಿಗೆ ಕೂತ ಹೊತ್ತಿಗೆ ಅದು ತಾನಾಗಿಯೇ ಶುರುವಾದರೆ ಈ ಮೆರವಣಿಗೆ ತಪ್ಪೀತೆಂದು ನನ್ನ ಗಂಡ ಫೋನಿನಲ್ಲಿ ಅದಕ್ಕೆ ಬೆಳಗಿನ ಹೊತ್ತೊಂದನ್ನು ಗೊತ್ತುಮಾಡಿದರು.

ಈ ನಡುವೆ ಅತ್ತೆಯ ಎಕ್ಸ್‌ರೇಯಲ್ಲಿ ಏನೋ ನೆರಳು ಕಂಡಿತು. ಬೆಂಗಳೂರಿಗೆ ಹೋಗಿ ತೋರಿಸಿ ಎಂದರು. ಆ ನೆರಳಿನ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ; ಹೇಳದೆಯೇ ಅದು ಊಟದ ತಟ್ಟೆಯ ಪಕ್ಕ ಬಂದು ಕೂರುತ್ತಿತ್ತು. ನನಗಂತೂ ಅವರ ಕೆಮ್ಮು ಕೇಳಿದರೆ ಭಯ, ಕೇಳದಿದ್ದರೆ ಇನ್ನಷ್ಟು ಭಯ. ಹೊರಡುವ ದಿನ ನಲ್ಲಿಯಲ್ಲಿ ನೀರು ಬಿಡುವ ದಿನವೂ ಆಗಿತ್ತು. ನಮ್ಮೂರಿನಲ್ಲಿ ನೀರಿನ ದಿನ ತಪ್ಪಿಸಿಕೊಂಡವರು ಮುಂದಿನ ಸರದಿಯವರೆಗೆ ಕೊಡ ಹಿಡಿದು ನೆರೆಹೊರೆಯವರ ಮುಖ ನೋಡಬೇಕಾದ್ದರಿಂದ, ನಾನು ಮನೆಯಲ್ಲಿ ಉಳಿದೆ. ಗಂಡ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡರು. ಮಾರಿಕುಪ್ಪಂನಿಂದ ರೈಲು. ಆಟೋ ಹೊರಡುವಾಗ ಅತ್ತೆ, ‘ಬತ್ತೀನಿ ಕಣಮ್ಮ’ ಎಂದವರು, ಎಂದೂ ಹಿಡಿಯದ ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು.

ಆಟೋ ತಿರುವು ದಾಟಿತೋ ಇಲ್ಲವೋ, ನನ್ನ ಬೆನ್ನ ಹಿಂದೆ ಗುರ್ ಎಂದು ಸದ್ದಾಯಿತು. ಯಂತ್ರಕ್ಕೆ ಹೊತ್ತಾಗಿತ್ತು. ಅದು ಅತ್ತೆ ಆಗತಾನೇ ದಾಟಿ ಹೋದ ಹೊಸಿಲಿನ ಬುಡಕ್ಕೇ ನೇರವಾಗಿ ಹೋಗಿ, ಅವರ ಹೆಜ್ಜೆಯ ಗುರುತುಗಳನ್ನೆಲ್ಲ ಶ್ರದ್ಧೆಯಿಂದ ಒರೆಸತೊಡಗಿತು.

ನಿಮ್ಮ ಮನೆಯಲ್ಲೂ ಈ ಮಾತು ಇದ್ದೀತು: ಊರಿಗೆ ಹೊರಟವರ ಹಿಂದೆಯೇ ಕಸ ಗುಡಿಸಬಾರದು. ಹೆಣ ಎತ್ತಿದ ಮೇಲೆ ಮನೆ ಗುಡಿಸುತ್ತಾರಾದ್ದರಿಂದ, ಜೀವಂತ ಹೊರಟವರ ಹಿಂದೆ ಹಾಗೆ ಮಾಡಬಾರದು. ಇಂಥ ನಂಬಿಕೆಗಳ ವಿರುದ್ಧ ನಾನು ಶಾಲೆಯಲ್ಲಿ ಆವೇಶದಿಂದ ಭಾಷಣ ಮಾಡಿದವಳು, ಮಕ್ಕಳಿಂದ ಚಪ್ಪಾಳೆಯನ್ನೂ ಗಿಟ್ಟಿಸಿದವಳು. ಆ ಭಾಷಣದ ಒಂದು ಅಕ್ಷರವೂ ಆ ಕ್ಷಣ ನನ್ನ ನೆರವಿಗೆ ಬರಲಿಲ್ಲ. ‘ನಿಲ್ಲು, ನಿಲ್ಲು’ ಎಂದು ಯಂತ್ರಕ್ಕೆ ಕನ್ನಡದಲ್ಲಿ ಆಜ್ಞಾಪಿಸುತ್ತ ಓಡಿದೆ. ಅದು ಸೋಫಾದ ಕೆಳಗೆ ನುಗ್ಗಿತು. ನಾನು ಅಡ್ಡಬಿದ್ದು ಅದನ್ನು ಎಳೆದು, ಮಗುಚಿ, ಹೊಟ್ಟೆಯ ಚಕ್ರಗಳು ಗಾಳಿಯಲ್ಲಿ ತಿರುಗುತ್ತಿರುವಾಗಲೇ ಗುಂಡಿ ಒತ್ತಿದೆ. ಅಷ್ಟರಲ್ಲಿ ನಡುಮನೆ ಥಳಥಳ ಹೊಳೆಯುತ್ತಿತ್ತು. ಅಷ್ಟು ಚೊಕ್ಕಟವಾದ ನೆಲವನ್ನು ನೋಡಿ ಅಷ್ಟು ಹೆದರಿದ ಗೃಹಿಣಿ ಇನ್ನೊಬ್ಬಳಿರಲಾರಳು.

ಏಳನೆಯ ತರಗತಿಗೆ ಪರಾವರ್ತ ಬದಲಾವಣೆ, ಅಪರಾವರ್ತ ಬದಲಾವಣೆ ಎಂದೊಂದು ಪಾಠವಿದೆ. ಮಂಜುಗಡ್ಡೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸಬಹುದು, ಕಾಗದ ಸುಟ್ಟರೆ ಮರಳಿ ಕಾಗದವಾಗದು. ಗುಡಿಸಿದ ಕಸ ಯಾವ ಬಗೆಯದು? ನನ್ನ ವೈಜ್ಞಾನಿಕ ಮನೋಭಾವ ಆಗ ಜಾಗೃತವಾಯಿತು. ಯಂತ್ರದ ಧೂಳಿನ ಡಬ್ಬಿಯನ್ನು ತೆಗೆದೆ. ಹೊಸಿಲಿನಿಂದ ಆರಂಭಿಸಿ, ರಂಗೋಲಿ ಪುಡಿ ಉದುರಿಸುವಷ್ಟು ನಾಜೂಕಾಗಿ, ಹಿಡಿ ಹಿಡಿಯಾಗಿ ಧೂಳನ್ನು ನಡುಮನೆಯ ತುಂಬ ಮರಳಿ ಹರಡಿದೆ. ಯಾವ ಧೂಳು ಅತ್ತೆಯನ್ನು ಆಸ್ಪತ್ರೆಯ ದಾರಿ ಹಿಡಿಸಿತ್ತೋ ಅದೇ ಧೂಳನ್ನು, ಅವರು ಕ್ಷೇಮವಾಗಿ ಬರಲೆಂದು.

ಬಾಗಿಲಲ್ಲಿ ಪಕ್ಕದ ಮನೆಯ ಸೆಲ್ವಿಯಕ್ಕ ಕೊಡ ಹಿಡಿದು ನಿಂತಿದ್ದರು, ನೀರು ಬಂತೆಂದು ಹೇಳಲು. ‘ಅಯ್ಯಯ್ಯೋ, ಎನ್ನ ಟೀಚರ್ ಇದು?’ ಎಂದು, ಏನಿದು ಎನ್ನುವುದನ್ನು ತಮಿಳಿನಲ್ಲೇ ಕೇಳಿದರು. ನಾನು ಕಾರಣ ಹೇಳಿದೆ. ಅವರು ನಗಲಿಲ್ಲ. ‘ಅಡುಗೆಮನೆ ಬಾಗಿಲ ಹತ್ರಾನೂ ಸ್ವಲ್ಪ ಹಾಕ್ಬುಡಿ, ಟೀಚರ್. ಅರ್ಧಂಬರ್ಧ ಬ್ಯಾಡ’ ಎಂದು ಗಂಭೀರವಾಗಿ ಸಲಹೆ ಕೊಟ್ಟು ನಲ್ಲಿಯ ಕಡೆ ನಡೆದರು. ಹಾಕಿದೆ.

ನನ್ನ ತವರಿನಲ್ಲಿ, ಹೋದವರು ಊರು ಸೇರಿದ ಸುದ್ದಿ ಬಂದರೆ ಗುಡಿಸಬಹುದು. ಅತ್ತೆಯ ಹಳ್ಳಿಯಲ್ಲಿ, ಅಂದೇ ಮರಳುವವರಾದರೆ ಮರಳುವ ತನಕ ಗುಡಿಸುವಂತಿಲ್ಲ. ಎದೆಯೊಳಗೆ ಪುಕ್ಕಲು ಸೇರಿಕೊಂಡವರಿಗೆ ಎರಡರಲ್ಲಿ ಕಠಿಣವಾದದ್ದೇ ಹಿಡಿಸುತ್ತದೆ. ಮಧ್ಯಾಹ್ನ ಗಂಡ ಫೋನ್ ಮಾಡಿ, ಪರೀಕ್ಷೆಗಳೆಲ್ಲ ಆದವು, ವರದಿಗೆ ಕಾಯುತ್ತಿದ್ದೇವೆ ಎಂದಾಗ ಅವರ ದನಿ ಹೇಗಿತ್ತು ಎಂಬುದನ್ನೇ ನಾನು ಸಂಜೆಯವರೆಗೆ ಮಥಿಸುತ್ತ ಕೂತೆ. ದನಿ ಒಣಗಿತ್ತೇ? ಸಿಗ್ನಲ್ ಸರಿಯಿರಲಿಲ್ಲವೇ? ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಬೈಯುವ ದನಿಯಿಲ್ಲದ ಮನೆ ನನಗೆ ಬೇಡವಾಗಿತ್ತು. ಇಷ್ಟು ವರ್ಷ ಅವರೊಡನೆ ಜಗಳವಾಡಿದ್ದೇನೆ. ಅವರನ್ನು ಇಷ್ಟೊಂದು ಹಚ್ಚಿಕೊಂಡಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಅವರು ಬಂದಾಗ ಹೊತ್ತು ಮುಳುಗುತ್ತಿತ್ತು. ಆಟೋದಿಂದಿಳಿದ ಅತ್ತೆಯ ಮುಖ ನೋಡುವ ಧೈರ್ಯವಾಗದೆ ಗಂಡನ ಮುಖ ನೋಡಿದೆ. ನಾವು ಹೆದರಿದ ಕಾಯಿಲೆ ಅದಲ್ಲವಂತೆ. ಆದರೆ ಧೂಳು ಕುಡಿದು ಕುಡಿದು ಶ್ವಾಸಕೋಶ ಒಂದಷ್ಟು ಗಟ್ಟಿಯಾಗಿದೆ, ಹೋದದ್ದು ಬರುವುದಿಲ್ಲ, ಉಳಿದ ಉಸಿರನ್ನು ಜೋಪಾನ ಮಾಡಬೇಕು, ಧೂಳಿನ ಬಳಿ ಸುಳಿಯಲೇಕೂಡದು. ನನಗೆ ಅಳುವೂ ಬಂತು, ನಿರಾಳವೂ ಆಯಿತು. ಅಷ್ಟರಲ್ಲಿ ಅತ್ತೆ ಹೊಸಿಲ ಬಳಿ ನಿಂತು ಒಳಗೆ ಇಣುಕಿ, ‘ಇದೇನೇ ಇದು, ಮನೆಯೋ ಕಣವೋ?’ ಎಂದರು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಕ್ಕರು; ನಗು ಕೆಮ್ಮಾಗಿ ತಿರುಗಿ, ಬಾಗಿಲ ಕಂಬ ಹಿಡಿದು ನಿಲ್ಲಬೇಕಾಯಿತು. ನಾನು ಹರಡಿದ ಧೂಳಿನ ಎದುರಲ್ಲೇ ಅವರು ಹಾಗೆ ಏದುಸಿರು ಬಿಡುತ್ತಿದ್ದರೆ ನಾನು ನನ್ನ ಸೆರಗನ್ನೇ ಅವರ ಮೂಗಿಗೆ ಅಡ್ಡ ಹಿಡಿದೆ.

ಕೂಡಲೇ ಗುಡಿಸಬೇಕು. ಆದರೆ ಮುಸ್ಸಂಜೆ, ದೀಪ ಹಚ್ಚುವ ಹೊತ್ತು. ದೀಪ ಹಚ್ಚಿದ ಮನೆಯಲ್ಲಿ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು ಈ ಮನೆಯಲ್ಲಿ ನನಗೆ ಪಾಠ ಹೇಳಿದವರು ಅತ್ತೆಯೇ. ಅವರು ಮೆಟ್ಟಿಲ ಮೇಲೆ ಕೂತು ಒಂದು ಗಳಿಗೆ ಸುಧಾರಿಸಿಕೊಂಡರು. ‘ಬೆಂಕಿಪೊಟ್ಣ ಇಲ್ಲಿ ಕೊಡು’ ಎಂದು ಇಸಕೊಂಡು ಮಡಿಲಲ್ಲಿ ಇಟ್ಟುಕೊಂಡರು. ‘ದೀಪ ಅಚ್ಚಿದ್ ಮ್ಯಾಲೆ ತಾನೇ ಗುಡಿಸ್ಬಾರ್ದು? ಇನ್ನೂ ಅಚ್ಚಿಲ್ವಲ್ಲ. ಬುಡು ನಿನ್ ತಾಬೇಲ್ನ.’

ಬಿಟ್ಟೆ. ಡಾಕ್ಟರು ಬರೆದ ಮಾತ್ರೆ ತರಲು ಗಂಡ ಅಂಗಡಿಗೆ ಹೋದರು; ನಾನು ಹೊರಬಾಗಿಲನ್ನು ಮುಂದಕ್ಕೆಳೆದು ಬಂದು ಅತ್ತೆಯ ಪಕ್ಕ ಕೂತೆ. ಸುತ್ತಲಿನ ಕ್ವಾರ್ಟರ್ಸುಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು, ನಮ್ಮದೊಂದೇ ಕತ್ತಲೆ. ಒಳಗೆ ಯಂತ್ರ ಗೊಣಗುತ್ತ ತಿರುಗುತ್ತಿತ್ತು. ಪಕ್ಕದಲ್ಲಿ ಅತ್ತೆಯ ಉಸಿರು ಎಳೆದೆಳೆದು ಬರುತ್ತಿತ್ತು. ನಾನು ಎರಡನ್ನೂ ಕೇಳುತ್ತಿದ್ದೆ. ಯಾವುದು ನಿಂತರೂ ಬೆಚ್ಚುವಂತೆ ಕೂತಿದ್ದೆ. ‘ಅದು ಗುಡಿಸಿದ್ರೂ ನಾನ್ ಬತ್ತಿದ್ದೆ ಕಣೇ ಪಿಚ್ಚಿ’ ಎಂದರು ಅತ್ತೆ, ಹುಚ್ಚಿ ಎನ್ನುವುದನ್ನು ತೆಲುಗಿನಲ್ಲಿ ಮುದ್ದಾಗಿಸಿ. ಮಡಿಲಲ್ಲಿದ್ದ ಬೆಂಕಿಪೊಟ್ಟಣವನ್ನು ತಿರುಗಿಸುತ್ತ, ತಗ್ಗಿದ ದನಿಯಲ್ಲಿ, ‘ರೈಲ್ನಲ್ಲಿ ನಂಗೂ ಅದೇ ಯೋಚ್ನೆ ಆಗಿತ್ತು. ಅದ್ ಗುಡಿಸ್ಬುಡ್ತದೋ ಏನೋ ಅಂತ’ ಎಂದರು.

ಒಳಗಿನ ಸದ್ದು ನಿಂತಿತು. ಪಕ್ಕದ ಉಸಿರು ನಡೆದೇ ಇತ್ತು. ಅತ್ತೆ ಬೆಂಕಿಪೊಟ್ಟಣವನ್ನು ನನ್ನ ಕೈಗಿಟ್ಟರು. ನಾನು ಒಳಗೆ ಹೋಗಿ ದೀಪ ಹಚ್ಚಿದೆ. ಆಮೇಲೆ ಅವರು ಹೊಸಿಲು ದಾಟಿ, ನಿಧಾನವಾಗಿ, ಮನೆಯೊಳಗೆ ಬಂದರು.