ಸಿಳ್ಳೆ ಅಕ್ಕನ ಕೈಗೆ ಸಿಗದ ಸ್ವರ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಆ ಪುಟ್ಟ ಮನೆಯಲ್ಲಿ ಆಕೆ ಮೊದಲು ಫ್ಯಾನು ಆರಿಸುತ್ತಾರೆ, ಆಮೇಲೆ ಫ್ರಿಜ್ಜು. ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಟವೆಲಿನಲ್ಲಿ ಸುತ್ತಿ ಬಟ್ಟೆಯ ಕಪಾಟಿನೊಳಗೆ ಇಡುತ್ತಾರೆ. ಪಕ್ಕದ ಕೋಣೆಯಿಂದ ಎಂಬತ್ತೊಂದು ವರ್ಷದ ಅತ್ತೆಯ ದನಿ ಬರುತ್ತದೆ: "ಹಾಲು ಕೆಟ್ರೆ ನಿನ್ನ ಕಂಪ್ಯೂಟರ್‌ಗೇ ಕುಡಿಸು!"

"ಏಳು ಗಂಟೆಗೆ ಹಾಕ್ತೀನಿ ಅತ್ತೆ" ಎಂದು ಹೆಡ್‌ಫೋನ್ ಏರಿಸಿಕೊಂಡರೆ ಮುಗಿಯಿತು. ಕೆಳಗಿನ ಬೀದಿಯಲ್ಲಿ ಬಸ್ಸುಗಳ ಗಲಾಟೆ ಶುರುವಾಗುವವರೆಗೆ ಆಕೆಯನ್ನು ಮಾತಾಡಿಸಿ ಪ್ರಯೋಜನವಿಲ್ಲ.

ಕೀಬೋರ್ಡ್ ವಾದಕರ ಫೋನುಗಳಲ್ಲಿ ಈಕೆಯ ಹೆಸರು 'ಸಿಳ್ಳೆ ಅಕ್ಕ'. ವಯಸ್ಸು ನಲವತ್ತೊಂಬತ್ತು. ಇಂದಿನ ವಾದ್ಯಗೋಷ್ಠಿಗಳಲ್ಲಿ ಕೊಳಲು, ಪಿಟೀಲುಗಳೆಲ್ಲ ಬಹುಪಾಲು ಕಂಪ್ಯೂಟರಿನೊಳಗಿನ ಸಿಂಥಸೈಜರ್‌ನಿಂದಲೇ ಬರುತ್ತವೆ. ಆ ನಾದಗಳು ಕೆಟ್ಟರೆ ರಿಪೇರಿ ಮಾಡುವುದು ಈಕೆಯ ಕೆಲಸ. ನಾದವನ್ನು ಸೋಸುವ ಫಿಲ್ಟರಿನಲ್ಲಿ ರೆಸೊನೆನ್ಸ್ ಎಂಬುದೊಂದಿದೆ. ಹದವಾಗಿದ್ದರೆ ಸ್ವರಕ್ಕೆ ಹೊಳಪು, ಮಿತಿಮೀರಿದರೆ ಕಿವಿ ಕೊರೆಯುವ ಸಿಳ್ಳೆ. "ಅಕ್ಕಾ, ಸಂಜೆ ಪ್ರೋಗ್ರಾಂ ಇದೆ, ಇದು ಸಿಳ್ಳೆ ಹೊಡೀತಿದೆ" ಎಂದು ಅಂಗಲಾಚುವವರಿಂದಲೇ ಈ ಹೆಸರು ಬಂತು.

"ಎಲ್ರಿಗೂ ಫಿಲ್ಟರ್ ಮೇಲೇ ಅನುಮಾನ" ಎನ್ನುತ್ತಾರೆ ಆಕೆ. "ಅದನ್ನ ತಿರುಗ್ಸಿ ತಿರುಗ್ಸಿ ಇನ್ನಷ್ಟು ಕೆಡಿಸ್ಕೊಂಡು ಬರ್ತಾರೆ. ತಪ್ಪು ಇರೋದು ಅರ್ಧಕ್ಕರ್ಧ ಸಲ ಎನ್ವಲಪ್‌ನಲ್ಲಿ. ಸ್ವರ ಹೆಂಗೆ ಏಳ್ಬೇಕು, ಎಷ್ಟು ನಿಲ್ಬೇಕು, ಬೆರಳು ತೆಗೆದ್ಮೇಲೆ ಹೆಂಗೆ ಇಳೀಬೇಕು ಅಂತ ಹೇಳೋದು ಅದು. ಸ್ವರ ಹುಟ್ಟಿಸೋಕೆ ಎಲ್ರಿಗೂ ಬರುತ್ತೆ ಕಣ್ರೀ, ಮುಗಿಸೋಕೆ ಬರಲ್ಲ."

ದಿನಕ್ಕೆ ಹತ್ತೋ ಹನ್ನೆರಡೋ ನಾದಗಳು ಬರುತ್ತವೆ. ಒಂದೊಂದನ್ನೂ ನಲವತ್ತು ಐವತ್ತು ಸಲ ಕೇಳಬೇಕು. ಹತ್ತೊಂಬತ್ತು ವರ್ಷಗಳಿಂದ ಇದೇ ಕಾಯಕ. ಅದಕ್ಕೂ ಮೊದಲು ಕ್ಯಾಸೆಟ್ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕೂತು, ಸದ್ದು ಕೆಟ್ಟ ಕ್ಯಾಸೆಟ್‌ಗಳನ್ನು ಆರಿಸಿ ತೆಗೆಯುತ್ತಿದ್ದರು. ಕಾರ್ಖಾನೆಗೆ ಬೀಗ ಬಿದ್ದಾಗ, "ಕಿವಿ ಚೆನ್ನಾಗಿದೆ, ಸುಮ್ನೆ ಯಾಕೆ ಕೂರ್ತೀಯ?" ಎಂದು ಈ ಕೆಲಸ ಕಲಿಸಿದವರು ಗಂಡ. ಆತ ವಾದ್ಯತಂಡವೊಂದರ ಕೀಬೋರ್ಡ್ ವಾದಕ. ಎರಡು ವರ್ಷದ ಹಿಂದೆ ಜ್ವರವೆಂದು ಮಲಗಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅವರ ಕೀಬೋರ್ಡು, ಸ್ಟ್ಯಾಂಡು ಎಲ್ಲ ತಂಡದ್ದು. ತಂಡದವರು ಬಂದು ತೆಗೆದುಕೊಂಡು ಹೋದರು.

ಮನೆಯಲ್ಲಿ ಉಳಿದದ್ದು ಆತ ತಾವೇ ಕಟ್ಟಿದ ಒಂದು ನಾದದ ಫೈಲು, ಮತ್ತು ಅದನ್ನು ವೇದಿಕೆಯಲ್ಲಿ ನುಡಿಸಿದ ನಾಲ್ಕು ನಿಮಿಷದ ಧ್ವನಿಮುದ್ರಣ. ಇತ್ತ ಕೊಳಲೂ ಅಲ್ಲ, ಅತ್ತ ಮನುಷ್ಯರ ದನಿಯೂ ಅಲ್ಲ ಎನ್ನುವಂಥ ನಾದ ಅದು. ಮುದ್ರಣದಲ್ಲಿ ಜನರ ಕೆಮ್ಮು, ಚಪ್ಪಾಳೆಯೇ ಹೆಚ್ಚು. "ಜನ ಇಲ್ದೆ, ಅವನ ಸ್ವರ ಒಂದೇ ಕೇಳ್ಬೇಕು ಕಣೆ" ಎಂದು ಅತ್ತೆ ಕೇಳಿದ್ದರು. ಅದೇನು ಮಹಾ, ಒಂದು ಬೆಳಗಿನ ಕೆಲಸ ಎಂದುಕೊಂಡು ಆಕೆ ಒಪ್ಪಿಬಿಟ್ಟರು.

ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಸಿಳ್ಳೆ. ಸಿಂಥಸೈಜರ್‌ನ ಹೊಸ ಆವೃತ್ತಿಯಲ್ಲಿ ರೆಸೊನೆನ್ಸ್‌ನ ಅಳತೆಯೇ ಬದಲಾಗಿತ್ತು. ಅದನ್ನು ಮೂರೇ ದಿನದಲ್ಲಿ ಹದಕ್ಕೆ ತಂದರು. ಆದರೆ ಸ್ವರದ ಕೊನೆ ಮಾತ್ರ ಜಪ್ಪಯ್ಯ ಎಂದರೂ ಸರಿಹೋಗಲಿಲ್ಲ. ಬೆರಳು ತೆಗೆದೊಡನೆ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಮುದ್ರಣದಲ್ಲಿ ಅದೇ ಸ್ವರ ಮೆಲ್ಲಗೆ ಇಳಿದು ಕರಗುತ್ತದೆ. ಇಳಿಯುವ ಹೊತ್ತನ್ನು ಹೆಚ್ಚಿಸಿದರೆ, ವೇಗದ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ತಗ್ಗಿಸಿದರೆ ಮತ್ತೆ ಕತ್ತರಿ. ಹೀಗೇ ಏಳು ತಿಂಗಳು. ದಿನಾ ಬೆಳಿಗ್ಗೆ ಅತ್ತೆಯದು ಒಂದೇ ಪ್ರಶ್ನೆ: "ಆಯ್ತೇನೆ?"

"ಊರವರದ್ದೆಲ್ಲಾ ಸರಿ ಮಾಡ್ತೀನಿ, ನನ್ನ ಮನೆಯವರದ್ದೇ ಆಗ್ತಿಲ್ವಲ್ಲ ಅಂತ ಅಳು ಬರ್ತಿತ್ತು. ಅವರು ಏನೋ ಬಚ್ಚಿಟ್ಟು ಹೋಗಿದಾರೆ ಅಂತ ಸಿಟ್ಟೂ ಬರ್ತಿತ್ತು" ಎನ್ನುತ್ತಾರೆ.

ಕಳೆದ ತಿಂಗಳು ಅತ್ತೆ ಬಾಗಿಲ ಬಳಿಯ ಚಪ್ಪಲಿ ಗೂಡು ಖಾಲಿ ಮಾಡಲು ಕೂತರು. ಮಗನ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು, "ನೋಡೇ, ಬಲಗಾಲಿಂದು ಮುಂದ್ಗಡೆ ಮಾತ್ರ ಸವೆದಿದೆ. ಎಷ್ಟು ಸಲ ಅಟ್ಟೆ ಹಾಕಿಸಿದ್ನೋ! ಕೂತು ಬಾರ್ಸೋನಿಗೆ ಬೂಟು ಯಾಕೋ ಸವೆಯುತ್ತೆ ಅಂತ ಬೈತಿದ್ದೆ" ಎಂದರು.

ಆಕೆ ಬೂಟನ್ನು ಕೈಗೆ ತೆಗೆದುಕೊಂಡು, ಸವೆದ ತುದಿಯನ್ನು ತಿರುಗಿಸಿ ನೋಡಿದರು. ವೇದಿಕೆಯ ಮೇಲೆ ಗಂಡ ಕೂರುತ್ತಿದ್ದದ್ದು ನೆಲದವರೆಗೆ ಬಟ್ಟೆ ಇಳಿಬಿಟ್ಟ ಕೀಬೋರ್ಡ್ ಸ್ಟ್ಯಾಂಡಿನ ಹಿಂದೆ. ಆ ಬಟ್ಟೆಯ ಮರೆಯಲ್ಲಿ, ಬಲಗಾಲ ಕೆಳಗೆ, ಸದ್ದನ್ನು ಏರಿಸಿ ಇಳಿಸುವ ಪೆಡಲ್ ಇತ್ತೆಂಬುದು ಆಕೆಗೆ ಆಗ ಹೊಳೆಯಿತು. ವೇಗದ ಸ್ವರಗಳನ್ನು ಹಾಗೇ ಬಿಟ್ಟು, ಉದ್ದನೆಯ ಸ್ವರಗಳನ್ನು ಮಾತ್ರ ಆತ ಬೆರಳು ತೆಗೆಯುವ ಮೊದಲೇ ಕಾಲಿನಿಂದ ಇಳಿಸುತ್ತಿದ್ದರು. ಏಳು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದು ಆ ಫೈಲಿನಲ್ಲಿ ಇರಲೇ ಇಲ್ಲ. ಅದು ಆತನ ಪಾದದಲ್ಲಿತ್ತು, ಆತನ ಜೊತೆಗೇ ಹೋಯಿತು.

"ಇನ್ನೊಬ್ಬರು ಕೇಳಿದ್ರೆ, ಮೊದಲು ನುಡಿಸೋರನ್ನ ನೋಡು, ಆಮೇಲೆ ಮಿಷಿನ್ ನೋಡು ಅಂತಿದ್ದೆ" ಎಂದು ನಗಲು ಹೋಗಿ ಆಕೆ ಕಣ್ಣೊರೆಸಿಕೊಳ್ಳುತ್ತಾರೆ. "ಇಪ್ಪತ್ತಮೂರು ವರ್ಷ ಜೊತೇಲಿದ್ದೆ. ಅವರು ನುಡಿಸೋವಾಗ ಎದುರಿಗೆ ಕೂತು ಒಂದಿನ ನೋಡ್ಲಿಲ್ಲ. ಯಾವಾಗ್ಲೂ ಈ ರೂಮಲ್ಲೇ, ಹೆಡ್‌ಫೋನ್ ಹಾಕ್ಕೊಂಡು."

ಈಗ ಮೇಜಿನ ಕೆಳಗೊಂದು ಹೊಸ ಪೆಡಲ್ ಬಂದಿದೆ. ಊರವರ ಕೆಲಸಕ್ಕೆ ಮುಂಚೆ ಆಕೆ ಅರ್ಧ ಗಂಟೆ ಅದನ್ನು ಒತ್ತುತ್ತಾರೆ. ನಾದ ಪರೀಕ್ಷಿಸಲು ಇಟ್ಟುಕೊಂಡ ಪುಟ್ಟ ಕೀಬೋರ್ಡಿನ ಮೇಲೆ ಬೆರಳು ಇನ್ನೂ ತಡವರಿಸುತ್ತದೆ, ಪಾದ ಅವಸರ ಮಾಡುತ್ತದೆ. ಮೊದಲ ದಿನ ಅತ್ತೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದ್ದರು. ಮುದುಕಿ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಸೊಸೆಯ ಮಂಡಿಯ ಮೇಲೆ ಕೈಯಿಟ್ಟು ಹೇಳಿದರು: "ಇದು ಅವನಲ್ಲ ಕಣೆ."

ಮರುದಿನ ಬೆಳಿಗ್ಗೆಯಿಂದ ಅತ್ತೆ ತಾವಾಗಿಯೇ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಾರೆ. 'ಆಯ್ತೇನೆ' ಎಂದು ಕೇಳುವುದನ್ನು ಬಿಟ್ಟಿದ್ದಾರೆ.

"ಅವರ ಹಾಗೆ ನುಡಿಸೋಕೆ ನನ್ನಿಂದ ಆಗಲ್ಲ, ಅದು ಗೊತ್ತು" ಎನ್ನುತ್ತಾರೆ ಸಿಳ್ಳೆ ಅಕ್ಕ. "ಒಂದೇ ಒಂದು ಉದ್ದದ ಸ್ವರ, ಅದರ ಕೊನೆ ಮಾತ್ರ ಸಾಕು. ಅತ್ತೆ ಇರೋವಾಗ್ಲೇ ಒಂದ್ಸಲ 'ಹ್ಞೂಂ' ಅಂದುಬಿಟ್ರೆ, ನನಗೆ ಬೇರೇನೂ ಬೇಡ."